ಕುರಕುಂಭದ ಕಾರ್ಖಾನೆ ಕೇಳುವ ಪ್ರಶ್ನೆ: ಲೆಕ್ಕ ಸರಿಯಿದ್ದರೆ ಎಲ್ಲವೂ ಸರಿಯೇ?

ಪುಣೆ-ಸೊಲ್ಲಾಪುರ ಹೆದ್ದಾರಿಯಲ್ಲಿರುವ ಕುರಕುಂಭ, ರಾಸಾಯನಿಕ ಹಾಗೂ ಔಷಧ ಕಾರ್ಖಾನೆಗಳ ಊರು. 2024ರ ಫೆಬ್ರವರಿಯಲ್ಲಿ ಇಲ್ಲಿನ ಎಂಐಡಿಸಿಯ ಘಟಕವೊಂದರ ಮೇಲೆ ದಾಳಿ ಮಾಡಿದ ಪುಣೆ ಪೊಲೀಸರು ನೂರಾರು ಕಿಲೋ ಮೆಫೆಡ್ರೋನ್ ಮಾದಕ ವಸ್ತು ವಶಪಡಿಸಿಕೊಂಡಾಗ ದೇಶವೇ ಬೆಚ್ಚಿಬಿದ್ದಿತ್ತು.

ಅದು ಪೊಲೀಸ್ ಪ್ರಕರಣ, ಆಡಿಟ್ ಪ್ರಕರಣವಲ್ಲ. ಆದರೆ ಒಳಗೆ ತಯಾರಾಗುವುದು ಒಂದು, ಪುಸ್ತಕದಲ್ಲಿ ಬರೆಯುವುದು ಇನ್ನೊಂದು ಆದರೆ ಪತ್ತೆ ಹಚ್ಚುವವರು ಯಾರು ಎಂಬ ಪ್ರಶ್ನೆ ಲೆಕ್ಕಪರಿಶೋಧಕರನ್ನೂ ತಟ್ಟುತ್ತದೆ.

ಆಡಿಟರ್ ಪೊಲೀಸ್ ಅಲ್ಲ, ಆದರೆ...

ಆಡಿಟರ್ ಪ್ರತಿ ಬಿಲ್ಲನ್ನೂ ನೋಡುವುದಿಲ್ಲ, ಕೆಲವನ್ನು ಆಯ್ದು ಪರಿಶೀಲಿಸುತ್ತಾರೆ. ಡ್ರಮ್ಮಿನಲ್ಲಿರುವ ರಾಸಾಯನಿಕ ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದು. ಆದರೂ ಕಚ್ಚಾವಸ್ತು, ವಿದ್ಯುತ್ ಬಳಕೆ ಮತ್ತು ಉತ್ಪಾದನೆ ಒಂದಕ್ಕೊಂದು ತಾಳೆಯಾಗದಿದ್ದರೆ ಅನುಮಾನ ಮೂಡಲೇಬೇಕು. ಸಿಬ್ಬಂದಿ ಅಥವಾ ಅಧಿಕಾರಿಗಳು 1 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ವಂಚನೆ ಎಸಗಿದ್ದಾರೆಂದು ನಂಬಲು ಕಾರಣವಿದ್ದರೆ ಕೇಂದ್ರ ಸರ್ಕಾರಕ್ಕೆ ವರದಿ ಮಾಡುವುದು 2013ರ ಕಂಪನಿ ಕಾಯ್ದೆಯಡಿ ಕಡ್ಡಾಯ.

ಕರ್ನಾಟಕದ ಪಾಠಗಳು

ಕಾಫಿ ಡೇ ಎಂಟರ್‌ಪ್ರೈಸಸ್‌ನ 7 ಅಂಗಸಂಸ್ಥೆಗಳಿಂದ 3,535 ಕೋಟಿ ರೂಪಾಯಿ ಪ್ರವರ್ತಕರ ಕುಟುಂಬದ ಕಂಪನಿಗೆ ಹರಿದಿತ್ತು ಎಂದು 2023ರ ಜನವರಿಯ ಆದೇಶದಲ್ಲಿ ಸೆಬಿ ಹೇಳಿತು. ಇದೇ ಸಮೂಹದ ಆಡಿಟ್‌ಗಳಲ್ಲಿನ ಲೋಪಕ್ಕಾಗಿ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ (ಎನ್‌ಎಫ್‌ಆರ್‌ಎ) ಆಡಿಟರ್‌ಗಳಿಗೆ ದಂಡ ವಿಧಿಸಿತು. ಬೈಜೂಸ್‌ನಲ್ಲಿ 2023ರ ಜೂನ್‌ನಲ್ಲಿ ಡೆಲಾಯ್ಟ್, 2024ರ ಸೆಪ್ಟೆಂಬರ್‌ನಲ್ಲಿ ಬಿಡಿಒ ಆಡಿಟ್ ಹೊಣೆಯಿಂದ ಹೊರನಡೆದವು. ಒಂದು ಕಡೆ ಕಾಣಬೇಕಾದ್ದು ಕಾಣಲಿಲ್ಲ, ಇನ್ನೊಂದು ಕಡೆ ಉಳಿದ ಅಸ್ತ್ರ ರಾಜೀನಾಮೆಯೊಂದೇ.

ಮೂಲ ಸಮಸ್ಯೆ ಇಲ್ಲಿದೆ: ಯಾರ ಲೆಕ್ಕ ಪ್ರಶ್ನಿಸಬೇಕೋ ಅವರೇ ಶುಲ್ಕ ಕೊಡುವವರು. ಒಂದೇ ಸಂಸ್ಥೆ ಸತತ 10 ವರ್ಷಕ್ಕಿಂತ ಹೆಚ್ಚು ಆಡಿಟ್ ಮಾಡುವಂತಿಲ್ಲ ಎಂಬ ನಿಯಮ ಬಂದರೂ ಈ ಸಂಬಂಧ ಬದಲಾಗಿಲ್ಲ.

ಸಣ್ಣ ಕಂಪನಿಗಳ ಮೇಲೆ ಯಾರ ಕಣ್ಣು?

2018ರಲ್ಲಿ ಸ್ಥಾಪನೆಯಾದ ಎನ್‌ಎಫ್‌ಆರ್‌ಎ ಮುಖ್ಯವಾಗಿ ಷೇರುಪೇಟೆಯ ಕಂಪನಿಗಳು ಮತ್ತು ದೊಡ್ಡ ಸಾರ್ವಜನಿಕ ಕಂಪನಿಗಳ ಆಡಿಟರ್‌ಗಳ ಮೇಲೆ ನಿಗಾ ಇಡುತ್ತದೆ. ಕೈಗಾರಿಕಾ ಪ್ರದೇಶಗಳ ಸಣ್ಣ ಖಾಸಗಿ ಕಂಪನಿಗಳ ಆಡಿಟರ್‌ಗಳ ಶಿಸ್ತು ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಐ ಕೈಯಲ್ಲಿದೆ. ಅಂದರೆ ವೃತ್ತಿಯವರ ಮೇಲೆ ವೃತ್ತಿಯವರದೇ ಕಾವಲು.

ಮುಂದಿನ ದಾರಿ

2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು. ಕೃತಕ ಬುದ್ಧಿಮತ್ತೆ ಲಕ್ಷಾಂತರ ವಹಿವಾಟುಗಳನ್ನು ಜಾಲಾಡಿ ಅಸಹಜವಾದದ್ದನ್ನು ಎತ್ತಿ ತೋರಬಲ್ಲದು. ಆದರೆ ಗೋದಾಮಿಗೆ ಹೋಗಿ ಸರಕು ನೋಡಿ, 'ಇದು ಸರಿಯಿಲ್ಲ' ಎನ್ನಬೇಕಾದವರು ಮನುಷ್ಯರೇ.

ಅವರ ಸ್ಥಿತಿಯೂ ಚೆನ್ನಾಗಿಲ್ಲ. 2024ರ ಜುಲೈನಲ್ಲಿ ಪುಣೆಯಲ್ಲಿ ಆಡಿಟ್ ತಂಡದಲ್ಲಿದ್ದ 26 ವರ್ಷದ ಸಿಎ ಮೃತಪಟ್ಟರು. ಮಿತಿಮೀರಿದ ಕೆಲಸವೇ ಕಾರಣ ಎಂದು ತಾಯಿ ಆರೋಪಿಸಿದರು, ಸಂಸ್ಥೆ ಅದನ್ನು ಒಪ್ಪಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಿತ ದೂರು ದಾಖಲಿಸಿಕೊಂಡಿತು. ನಿದ್ದೆಗೆಟ್ಟ ಕಣ್ಣುಗಳಿಗೆ ವಂಚನೆ ಕಾಣುವುದು ಕಷ್ಟ. ಶುಲ್ಕದ ಹಂಗು, ಸಮಯದ ಒತ್ತಡ ಎರಡನ್ನೂ ತಗ್ಗಿಸದೆ ನಿಯಮ ಮಾತ್ರ ಬಿಗಿಗೊಳಿಸಿದರೆ, ಆಡಿಟರ್ ಸಹಿ ಕೇವಲ ಸಹಿಯಾಗಿಯೇ ಉಳಿಯುತ್ತದೆ. ಅದನ್ನು ನಂಬಿ ಹಣ ಹಾಕಿದ ಷೇರುದಾರ, ಸಾಲ ಕೊಟ್ಟ ಬ್ಯಾಂಕ್, ದುಡಿದ ಕಾರ್ಮಿಕ ಬೆಲೆ ತೆರಬೇಕಾಗುತ್ತದೆ.