ಹೊಸ್ತಿಲಿನ ರಕ್ಷಣೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಗೃಹಿಣಿಯರು ಬೆಳಗಾಗುತ್ತಲೇ ಹೊಸ್ತಿಲನ್ನು ತೊಳೆದು, ಅರಿಸಿನ ಕುಂಕುಮವಿಟ್ಟು, ಮುಂದೆ ರಂಗವಲ್ಲಿ ಬರೆಯುತ್ತಾರೆ. ಹೀಗೆ ನಿತ್ಯವೂ ಪೂಜೆಗೊಳ್ಳುವ ಹೊಸ್ತಿಲೇ ಮನೆಯ ಮರಗೆಲಸದಲ್ಲಿ ಮೊದಲು ಕೊಳೆಯುವುದೇಕೆ ಎಂಬುದು ವಿಚಾರಾರ್ಹವಾದ ಸಂಗತಿ.

ಮರ ಕೊಳೆಯುವುದು ತೇವದ ಆಶ್ರಯದಲ್ಲಿ ಬೆಳೆಯುವ ಶಿಲೀಂಧ್ರದಿಂದ. ಮರದ ತೇವಾಂಶವು ಶೇಕಡಾ 20ಕ್ಕಿಂತ ಕಡಿಮೆಯಿರುವವರೆಗೆ ಅದಕ್ಕೆ ಬೆಳೆಯಲು ಆಸ್ಪದವಿಲ್ಲ. ನೆನೆದ ಮರ ಬೇಗನೆ ಒಣಗಿದರೆ ಅಪಾಯವಿಲ್ಲ; ಒಣಗಲು ಅವಕಾಶ ದೊರೆಯದಿದ್ದರೆ ಕೇಡು ತಪ್ಪದು.

ಗುಬ್ಬಿ, ಕುಣಿಗಲ್ಲಿನ ಹಳೆಯ ಹೆಂಚಿನ ಮನೆಗಳಲ್ಲಿ ಸೂರು ಜಗಲಿಯ ಆಚೆಗೆ ಚಾಚಿದ್ದು, ಬಾಗಿಲಿಗೆ ಮಳೆಯ ಎರಚಲು ತಾಗುತ್ತಿರಲಿಲ್ಲ. ನಗರದ ಇಕ್ಕಟ್ಟಾದ ನಿವೇಶನಗಳಲ್ಲಿ ಕಟ್ಟಿದ ಎಷ್ಟೋ ಮನೆಗಳಿಗೆ ಆ ನೆರಳಿಲ್ಲ. ನಮ್ಮಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆಗ ನೆಲಕ್ಕೆ ಬಡಿದ ಹನಿಗಳು ಸಿಡಿದು ಬಾಗಿಲವಾಡದ ಬುಡವನ್ನು ನೆನೆಸುತ್ತವೆ. ಬುಡವು ಗಾರೆಯಲ್ಲಿ ಹೂತಿದ್ದರಂತೂ, ಬತ್ತಿಯು ಎಣ್ಣೆಯನ್ನು ಹೀರುವಂತೆ ಮರದ ಕೊಯ್ದ ತುದಿಯು ತೇವವನ್ನು ಮೇಲಕ್ಕೆ ಹೀರುತ್ತದೆ. ಗೆದ್ದಲಿಗೂ ಅದೇ ಆಹ್ವಾನ.

ಮನೆ ಕಟ್ಟಿಸುವವರು ಬಾಗಿಲಿನ ಮೇಲೆ ಎರಡಡಿಯ ಸಜ್ಜವಿಡಿಸಿ, ಅದರ ತಳದಲ್ಲಿ ಅಂಚಿನುದ್ದಕ್ಕೂ ಒಂದು ಗೀರು ಬಿಡಿಸಬೇಕು. ನೀರು ಗೋಡೆಯ ಕಡೆಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುವುದು. ಹೊರನೆಲವು ಹೊಸ್ತಿಲಿಗಿಂತ ತಗ್ಗಾಗಿದ್ದು ಅಂಗಳದತ್ತ ವಾಟವಾಗಿರಲಿ. ಮರದ ಹೊಸ್ತಿಲೇ ಬೇಕೆನ್ನುವವರು ಅದರಡಿಯಲ್ಲಿ ಕಲ್ಲಿನ ಹಾಸೊಂದನ್ನು ಇಡಿಸುವುದು ಲೇಸು. ಕೂರಿಸುವ ಮೊದಲೇ ಬಾಗಿಲವಾಡದ ಬುಡಕ್ಕೂ ಕದದ ಕೆಳ ಅಂಚಿಗೂ ಬಣ್ಣ ಬಳಿಸಬೇಕು. ಕಣ್ಣಿಗೆ ಕಾಣದ ಈ ಅಂಚುಗಳನ್ನು ಬಡಗಿಗಳು ಮರೆಯುವುದೇ ಹೆಚ್ಚು.

ಕಟ್ಟಿದ ಮನೆಯಲ್ಲಿರುವವರು ಹೊಸ್ತಿಲಿಗೆ ಬಿಂದಿಗೆಗಟ್ಟಲೆ ನೀರು ಸುರಿಯದೆ ಒದ್ದೆ ಬಟ್ಟೆಯಿಂದ ಸಾರಿಸಿ, ಒಣಬಟ್ಟೆಯಿಂದ ಒರೆಸಿದರೆ ಮಡಿಗೇನೂ ಕೊರತೆಯಾಗದು. ಮಳೆಗಾಲದಲ್ಲಿ ಕದ ಉಬ್ಬಿ ಬಿಗಿಯಾದರೆ ಕೂಡಲೇ ಕೀಸುಳಿ ಹಿಡಿಸಬಾರದು. ಒಣಗಿದ ಮೇಲೆ ಸಂದು ಅಗಲವಾಗಿ ಮುಂದಿನ ಮಳೆಯ ಎರಚಲಿಗೆ ಅದೇ ದಾರಿಯಾದೀತು.

ದೀಪಾವಳಿಯ ಸುಣ್ಣಬಣ್ಣದ ಕೆಲಸ ಈ ಮಳೆಯ ಬೆನ್ನಿಗೇ ಬರುತ್ತದೆ. ಹಸಿ ಮರಕ್ಕೆ ಬಣ್ಣ ಬಳಿದರೆ ತೇವವು ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗೆ ಹೊಳಪು, ಒಳಗೆ ಹುಡಿ. ಆದ್ದರಿಂದ ಮೊದಲು ದಬ್ಬಳದಿಂದ ಬುಡವನ್ನು ಚುಚ್ಚಿ ನೋಡಬೇಕು. ಅದು ಸಲೀಸಾಗಿ ಇಳಿದರೆ, ಗಟ್ಟಿಮರ ಸಿಗುವವರೆಗೆ ಕೆತ್ತಿಸಿ, ಚೆನ್ನಾಗಿ ಒಣಗಿಸಿ, ಅದೇ ಜಾತಿಯ ಮರದ ತುಂಡನ್ನು ಕೂಡಿಸಬೇಕು. ಅರ್ಧ ದಿನದ ಈ ಕೆಲಸವನ್ನು ಮುಂದೂಡಿದವರು ಗೋಡೆಯನ್ನೇ ಒಡೆದು ಬಾಗಿಲವಾಡವನ್ನು ಬದಲಿಸಬೇಕಾಗುತ್ತದೆ. ಈ ಸಲದ ಹಬ್ಬಕ್ಕೆ ಮನೆಯವರು ದಬ್ಬಳವನ್ನು ಮೊದಲು ಹಿಡಿಯಲಿ, ಕುಂಚವನ್ನು ಆಮೇಲೆ.