ಹಗಲು ಕಾಣುವ ಬೆಳ್ಳಿ

ಬೆಳ್ಳಿ ಮೂಡಿತೆಂದು ಎದ್ದು ಗಳೆ ಹೂಡುತ್ತಿದ್ದ ಹಿರಿಯರ ಮಕ್ಕಳು ನಾವು. ಆ ಬೆಳ್ಳಿ, ಅಂದರೆ ಶುಕ್ರಗ್ರಹ, ಸೂರ್ಯ ಹುಟ್ಟಿದೊಡನೆ ಎಲ್ಲಿಗೂ ಹೋಗುವುದಿಲ್ಲ. ಹಗಲಿನ ಬಹುಭಾಗ ನಮ್ಮ ನೆತ್ತಿಯ ಮೇಲೆಯೇ ಸಾಗುತ್ತಿರುತ್ತದೆ. ಕಾಣಲು ಸಾಧ್ಯವೇ ಎಂದು ಓದುಗ ಬಂಧುಗಳು ಕೇಳಿಯಾರು. ಸಾಧ್ಯ.

ರಾಯಚೂರು, ದೇವದುರ್ಗ, ಮಾನ್ವಿಗಳ ಹಿರಿಯರಿಗೆ ಈ ಭಾಗ್ಯ ಒಮ್ಮೆ ತಾನಾಗಿಯೇ ಒದಗಿತ್ತು. 1980ರ ಫೆಬ್ರುವರಿ 16, ಶನಿವಾರ, ಮಧ್ಯಾಹ್ನ ಮೂರು ಮುಕ್ಕಾಲರ ಸುಮಾರಿಗೆ ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲತಡಿಯಿಂದ ಹುಬ್ಬಳ್ಳಿ, ಗದಗುಗಳನ್ನು ದಾಟಿ ನಮ್ಮ ಎಡೆದೊರೆ ನಾಡಿನ ಮೇಲೆ ಹಾಯ್ದುಹೋಯಿತು. ಎರಡು ನಿಮಿಷಕ್ಕೂ ಮಿಕ್ಕ ಆ ಕತ್ತಲೆಯಲ್ಲಿ ಮುಚ್ಚಿದ ಸೂರ್ಯನ ಮೇಲುಗಡೆ ಬುಧನೂ, ಇನ್ನೂ ಎತ್ತರದಲ್ಲಿ ಶುಕ್ರನೂ ಇದ್ದರು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಈ ಜಿಲ್ಲೆಯ ಜವಳಗೇರಾದಲ್ಲಿಯೇ ಬೀಡುಬಿಟ್ಟಿದ್ದರು. ಆದರೆ ಅಂದು ದೇಶದ ಎಷ್ಟೋ ಊರುಗಳ ಬೀದಿಗಳು ಬಣಗುಟ್ಟುತ್ತಿದ್ದವು. ಬಾಗಿಲು ಹಾಕಿಕೊಂಡು ಕುಳಿತ ಮನೆಗಳಿಗೆ ಆದ ನಷ್ಟ ಸಣ್ಣದಲ್ಲವೆಂದೇ ನಮ್ಮ ಎಣಿಕೆ.

ಶುಕ್ರನನ್ನು ನೋಡಲು ಗ್ರಹಣವೇ ಬೇಕೆಂದಿಲ್ಲ. ಅದು ಸಂಜೆಯ ಬೆಳ್ಳಿಯಾಗಿರುವ ತಿಂಗಳುಗಳಲ್ಲಿ, ಎಳೆಯ ಚಂದ್ರ ಅದರ ಪಕ್ಕಕ್ಕೆ ಬರುವ ದಿನವನ್ನು ಆರಿಸಿಕೊಳ್ಳಬೇಕು. ಮಧ್ಯಾಹ್ನ ನಾಲ್ಕರ ಮೇಲೆ ಮನೆಯ ಮೂಡಣ ಬದಿಯ ನೆರಳಿನಲ್ಲಿ ನಿಂತು ಮೊದಲು ಚಂದ್ರನನ್ನು ಹುಡುಕಿ, ಅಲ್ಲಿಂದ ದೃಷ್ಟಿಯನ್ನು ಮೆಲ್ಲನೆ ಸರಿಸಿದರೆ ನೀಲಿಯಲ್ಲಿ ಸೂಜಿಮೊನೆಯಂಥ ಬಿಳಿಯ ಚುಕ್ಕೆ ತಟ್ಟನೆ ಸಿಕ್ಕುತ್ತದೆ. ಬೆಳಗಿನ ಬೆಳ್ಳಿಗಿಂತ ಇದೇ ಮಕ್ಕಳಿಗೆ ಕ್ಷೇಮ. ಬೆಳಿಗ್ಗೆ ಸೂರ್ಯ ಗೋಡೆಯ ಮೇಲೆ ಏರಿ ಬರುತ್ತಾನೆ, ಸಂಜೆ ಗೋಡೆಯ ಹಿಂದೆ ಇಳಿಯುತ್ತಾನೆ. ದುರ್ಬೀನು ಹಿಡಿದ ಕೈ ಕ್ಷಣಮಾತ್ರ ಸೂರ್ಯನತ್ತ ಹೊರಳಿದರೂ ಕಣ್ಣು ಸುಟ್ಟುಹೋಗುತ್ತದೆ, ನೋವೂ ತಿಳಿಯುವುದಿಲ್ಲ. ಹಿರಿಯರು ಜೊತೆಗಿಲ್ಲದೆ ಮಕ್ಕಳ ಕೈಗೆ ಅದನ್ನು ಕೊಡಲೇಬಾರದು.

ಚಿತ್ರ ತೆಗೆಯುವವರಿಗೆ ತೊಡಕು ಬೇರೆ. ಬರಿಯ ನೀಲಿಯಲ್ಲಿ ಕ್ಯಾಮೆರಾ ತಾನಾಗಿ ಫೋಕಸ್ ಹಿಡಿಯಲಾರದು. ಚಂದ್ರನ ಮೇಲೋ ದೂರದ ಬೆಟ್ಟದ ಮೇಲೋ ಅದನ್ನು ಹೊಂದಿಸಿ, ಹಾಗೆಯೇ ಬಿಗಿಮಾಡಿ, ಬಳಿಕ ಗ್ರಹದತ್ತ ತಿರುಗಿಸಬೇಕು. ದೂರದರ್ಶಕವಿದ್ದರೆ ಶುಕ್ರನ ಕಲೆಗಳು, ಚಂದ್ರನಂತೆಯೇ ಬೆಳೆದು ಕ್ಷಯಿಸುವ ಆಕಾರಗಳು, ಇರುಳಿಗಿಂತ ಹಗಲಿನಲ್ಲಿಯೇ ಸ್ಪಷ್ಟ. ಕಣ್ಣು ಕೋರೈಸುವ ಹೊಳಪು ಆಗ ತಗ್ಗಿರುತ್ತದೆ. ನಮ್ಮ ಬೇಸಿಗೆಯ ಧೂಳು, ಕಾದ ನೆಲದ ಝಳ ಇದಕ್ಕೆ ಒಗ್ಗವು. ಮಳೆ ತೊಳೆದ ಮರುದಿನದ ಆಕಾಶವೇ ಸರಿ.

ಹಗಲಿನಲ್ಲಿ ಗ್ರಹ ಕಾಣುವ ಇನ್ನೊಂದು ಬಗೆ ಸಂಕ್ರಮಣ, ಸೂರ್ಯಬಿಂಬದ ಮೇಲೆ ಅದು ಕರಿಯ ಬೊಟ್ಟಾಗಿ ಸಾಗುವುದು. 2004ರ ಜೂನ್ 8ರಂದು ಮತ್ತು 2012ರ ಜೂನ್ 6ರಂದು ಶುಕ್ರ ಹೀಗೆ ಸಾಗಿತು; ಮುಂದಿನದು 2117ರಲ್ಲಿ. ಆದರೆ ಬುಧನ ಸಂಕ್ರಮಣ 2032ರ ನವೆಂಬರ್ 13ರಂದು ನಮ್ಮಲ್ಲಿಯೇ ಕಾಣಲಿದೆ. ದೂರದರ್ಶಕದಿಂದ ಬಿಳಿಯ ಹಾಳೆಯ ಮೇಲೆ ಸೂರ್ಯಬಿಂಬ ಬೀಳಿಸಿದರೆ ಮನೆಮಂದಿಯೆಲ್ಲ ಸುತ್ತ ನಿಂತು ನೋಡಬಹುದು. ಅಂದೂ ಶನಿವಾರವೇ. ಬೆಳಗಿನ ಶಾಲೆ ಮುಗಿಸಿ ಮಕ್ಕಳು ಮನೆ ಸೇರುವ ಹೊತ್ತಿಗೆ, ಹನ್ನೆರಡು ಗಂಟೆ ದಾಟಿ ಹತ್ತು ನಿಮಿಷದ ಸುಮಾರಿಗೆ, ಬುಧನು ಬಿಂಬದ ಅಂಚನ್ನು ಮುಟ್ಟುತ್ತಾನೆ.