ಬೇರೆ ಊರಿಗೆ ಆಡಲು ಹೋದವರು ಸೋತವರಲ್ಲ

 

ಹೋದ ತಿಂಗಳ ಗೋಡೆ ಪತ್ರಿಕೆಗೆ ನಾನು ಒಗಟುಗಳನ್ನು ಬರೆದಿದ್ದೆ. ಈ ಸಲ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ. ಓದಿ. ಸರಿ ಅನ್ನಿಸದಿದ್ದರೆ ಕೆಳಗೆ ಬಿಟ್ಟಿರುವ ಜಾಗದಲ್ಲಿ ಪೆನ್ಸಿಲ್‌ನಲ್ಲಿ ನಿಮ್ಮ ಉತ್ತರ ಬರೆಯಿರಿ. ಆದರೆ ಹೆಸರು ಹಾಕಲೇಬೇಕು.

ನಮ್ಮ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣ ಇಲ್ಲ. ಪಿ.ಟಿ. ಮೇಷ್ಟ್ರು ಚಿಕ್ಕ ಸೈಕಲ್ಲಿನ ಹಳೇ ರಿಮ್ಮನ್ನು ಬೇವಿನ ಮರಕ್ಕೆ ತಂತಿಯಲ್ಲಿ ಬಿಗಿದಿದ್ದಾರೆ. ನಾವು ಅದಕ್ಕೆ ವಾಲಿಬಾಲ್ ಎಸೆಯುತ್ತೇವೆ. ಹೋದ ಶನಿವಾರ ಆಟದ ಪಿರಿಯಡ್‌ನಲ್ಲಿ ಮಳೆ ಬಂತು. ಆಗ ಮೇಷ್ಟ್ರು ಎಲ್ಲರನ್ನೂ ವರಾಂಡದಲ್ಲಿ ಕೂರಿಸಿ ಅಮೆರಿಕದ ಜಿಮ್ಮರ್ ಫ್ರೆಡೆಟ್ ಎಂಬ ಆಟಗಾರರ ವಿಷಯ ಹೇಳಿದರು. ಮೊಬೈಲಿನಲ್ಲಿ ಅವರ ಆಟವನ್ನೂ ತೋರಿಸಿದರು. ಎಲ್ಲಾ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗರು, "ಅಲ್ಲಿ ಬೇಳೆ ಬೇಯಲಿಲ್ಲ, ಅದಕ್ಕೇ ಚೀನಾಕ್ಕೆ ಓಡೋದ" ಅಂತ ನಕ್ಕರು. ನನಗೆ ತುಂಬಾ ಸಿಟ್ಟು ಬಂತು. ಯಾಕೆ ಸಿಟ್ಟು ಬಂತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಅವತ್ತು ಶಾಲೆಗೆ ಬಾರದವರಿಗಾಗಿ ಅವರ ವಿಷಯ ಬರೆಯುತ್ತೇನೆ.

ಜಿಮ್ಮರ್ ಫ್ರೆಡೆಟ್ ಹುಟ್ಟಿದ್ದು 1989ರಲ್ಲಿ. ಊರು ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್ ಎಂಬ ಸಣ್ಣ ಪಟ್ಟಣ. ಅವರ ಅಣ್ಣನಿಗೆ ತಮ್ಮನ ಆಟದ ಮೇಲೆ ಬಹಳ ಆಸೆ. ತಮ್ಮನನ್ನು ಜೈಲಿಗೆ ಕರೆದುಕೊಂಡು ಹೋಗಿ ಕೈದಿಗಳ ಎದುರು ಆಡಿಸಿದರಂತೆ! ಗಲಾಟೆ, ಕೂಗಾಟಕ್ಕೆ ಹೆದರದೆ ಆಡುವುದನ್ನು ಕಲಿಯಲಿ ಅಂತ. 2007ರಲ್ಲಿ ಅಣ್ಣ ಒಂದು ಕರಾರು ಪತ್ರ ಬರೆದು ತಮ್ಮನ ಹತ್ತಿರ ಸಹಿ ಹಾಕಿಸಿದರು. ಎನ್.ಬಿ.ಎ. ಸೇರಲು ಎಷ್ಟು ಕಷ್ಟ ಪಡಬೇಕೋ ಅಷ್ಟೂ ಪಡುತ್ತೇನೆ ಎಂದು ಅದರಲ್ಲಿತ್ತು. ಎನ್.ಬಿ.ಎ. ಎಂದರೆ ಅಮೆರಿಕದ ಅತಿ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್. ಕ್ರಿಕೆಟ್ಟಿಗೆ ಐಪಿಎಲ್ ಇದ್ದ ಹಾಗೆ.

ಅವರು ಓದಿದ್ದು ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ. 2010-11ರಲ್ಲಿ ಪಂದ್ಯಕ್ಕೆ ಸರಾಸರಿ 28.9 ಅಂಕ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗರಾದರು. 2011ರ ಮಾರ್ಚ್‌ನಲ್ಲಿ ನ್ಯೂ ಮೆಕ್ಸಿಕೊ ತಂಡದ ಮೇಲೆ ಒಂದೇ ಪಂದ್ಯದಲ್ಲಿ 52 ಅಂಕ ಹೊಡೆದರು. ಗೆರೆಯಿಂದ ಎಷ್ಟೋ ಹಿಂದೆ ನಿಂತು ಎಸೆದರೂ ಚೆಂಡು ಹೋಗಿ ಬುಟ್ಟಿಗೇ ಬೀಳುತ್ತಿತ್ತು. ಆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ನೈಸ್ಮಿತ್ ಪ್ರಶಸ್ತಿಯೂ ಅವರಿಗೇ ಬಂತು.

ಆಶ್ಚರ್ಯ ಏನೆಂದರೆ, ಅಷ್ಟು ಹೆಸರು ಬಂದಾಗಲೂ ಅವರಿಗೆ ಸಂಬಳ ಇರಲಿಲ್ಲ. ಕಾಲೇಜು ಆಟಗಾರರಿಗೆ ಓದಿನ ಖರ್ಚು ಕೊಡಬಹುದು, ದುಡ್ಡು ಕೊಡಬಾರದು ಅಂತ ಆಗ ನಿಯಮವಿತ್ತು. ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು ಎಂದು ಆ ನಿಯಮ ಸಡಿಲವಾಗಿದ್ದು 2021ರಲ್ಲಿ. ಅಷ್ಟರಲ್ಲಿ ಇವರು ಕಾಲೇಜು ಬಿಟ್ಟು ಹತ್ತು ವರ್ಷವಾಗಿತ್ತು.

2011ರಲ್ಲಿ ಎನ್.ಬಿ.ಎ. ಆಯ್ಕೆಯಲ್ಲಿ ಅವರ ಹೆಸರು 10ನೆಯದಾಗಿ ಬಂತು. ಮಿಲ್ವಾಕೀ ತಂಡ ಆರಿಸಿ ಸ್ಯಾಕ್ರಮೆಂಟೊ ಕಿಂಗ್ಸ್ ತಂಡಕ್ಕೆ ಕೊಟ್ಟಿತು. ಕರಾರು ಪತ್ರದಲ್ಲಿ ಬರೆದದ್ದು ನಡೆಯಿತು! ಆದರೆ ಅಲ್ಲಿ ಹೆಚ್ಚಿನವರು ಇವರಿಗಿಂತ ಎತ್ತರ, ಇವರಿಗಿಂತ ಜೋರು. ಎದುರಾಳಿಯನ್ನು ತಡೆಯುವುದರಲ್ಲಿ ಇವರು ಸ್ವಲ್ಪ ನಿಧಾನ. ಕಾಲೇಜಿನಲ್ಲಿ ಚೆಂಡು ಯಾವಾಗಲೂ ಇವರ ಕೈಯಲ್ಲೇ, ಇಲ್ಲಿ ಬೆಂಚಿನ ಮೇಲೆ ಕೂರುವುದೇ ಜಾಸ್ತಿ. ಮೊದಲ ವರ್ಷ ಸರಾಸರಿ 7.6 ಅಂಕ ಮಾತ್ರ. 2014ರಲ್ಲಿ ಆ ತಂಡ ಕೈಬಿಟ್ಟಿತು. ಆಮೇಲೆ ಶಿಕಾಗೊ, ನ್ಯೂ ಆರ್ಲಿಯನ್ಸ್, ನ್ಯೂಯಾರ್ಕ್ ಅಂತ ಸುತ್ತಿದರು. ಎಲ್ಲಿಯೂ ನೆಲೆ ನಿಲ್ಲಲಿಲ್ಲ. 2016ರಲ್ಲಿ ಚೀನಾದ ಶಾಂಘೈ ಶಾರ್ಕ್ಸ್ ತಂಡಕ್ಕೆ ಹೋದರು.

ಆಗ ಅಲ್ಲಿ ಒಂದು ತಂಡದಲ್ಲಿ ವಿದೇಶಿ ಆಟಗಾರರಿಗೆ ಇದ್ದದ್ದು ಒಂದೆರಡು ಜಾಗ. ಅದಕ್ಕೇ ಬಂದವರ ಮೇಲೆ ಬಹಳ ಭಾರ. ಇವರು ಮೊದಲ ಋತುವಿನಲ್ಲೇ ಪಂದ್ಯಕ್ಕೆ ಸರಾಸರಿ 37ಕ್ಕಿಂತ ಹೆಚ್ಚು ಅಂಕ ಗಳಿಸಿದರು. 2017ರ ಫೆಬ್ರವರಿಯಲ್ಲಿ ಒಂದೇ ಪಂದ್ಯದಲ್ಲಿ 73 ಅಂಕ! ಆದರೂ ಆ ಪಂದ್ಯದಲ್ಲಿ ಅವರ ತಂಡ ಸೋತಿತು. ಅಲ್ಲಿಯ ಜನ ಅವರಿಗೆ ಪ್ರೀತಿಯಿಂದ ಅಡ್ಡಹೆಸರು ಇಟ್ಟರು. ಅದರ ಅರ್ಥ ಒಂಟಿ ದೇವರು ಅನ್ನುವ ಹಾಗೆ.

2019ರಲ್ಲಿ ಮತ್ತೆ ಎನ್.ಬಿ.ಎ.ಗೆ ಬಂದು ಫೀನಿಕ್ಸ್ ತಂಡಕ್ಕೆ 6 ಪಂದ್ಯ ಆಡಿದರು. ಅದೇ ವರ್ಷ ಗ್ರೀಸ್ ದೇಶದ ಅಥೆನ್ಸಿಗೆ ಹೋಗಿ ಪನಥಿನಾಯ್ಕೋಸ್ ತಂಡ ಸೇರಿದರು. ಮತ್ತೆ ಶಾಂಘೈಗೆ ಬಂದರು. ಕೊನೆಗೆ ಅರ್ಧ ಅಂಕಣದಲ್ಲಿ ಒಂದೇ ಬುಟ್ಟಿಗೆ ಮೂರು ಮೂರು ಜನ ಆಡುವ ಆಟಕ್ಕೆ ಬಂದು, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಪರವಾಗಿ ಆಡಿದರು. ಆಗ ಅವರಿಗೆ 35 ವರ್ಷ. ಕಾಲಿಗೆ ಪೆಟ್ಟಾಗಿ ಪೂರ್ತಿ ಆಡಲಾಗಲಿಲ್ಲ, ತಂಡಕ್ಕೆ ಪದಕವೂ ಬರಲಿಲ್ಲ. 2025ರಲ್ಲಿ ನಿವೃತ್ತರಾದರು.

ಈಗ ನನ್ನ ಅಭಿಪ್ರಾಯ.

ಎನ್.ಬಿ.ಎ.ಯಲ್ಲಿ ಅವರು ಗೆದ್ದರು ಅಂತ ನಾನು ಹೇಳುವುದಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ವಾದ ನನ್ನದಲ್ಲ. ಮಣ್ಣಾಗಿದ್ದು ನಿಜ. ನಾನು ಕೇಳುವುದು ಇಷ್ಟೇ: ಒಂದು ಕಡೆ ಜಾಗ ಸಿಗದಿದ್ದರೆ, ಜಾಗ ಕೊಡುವ ಕಡೆ ಹೋಗಿ ಆಡುವುದು ಹೇಗೆ ಓಡಿಹೋದ ಹಾಗೆ ಆಗುತ್ತದೆ?

ಒಂದು ಲೆಕ್ಕ ಮಾಡಿ ನೋಡೋಣ. ಮೇಷ್ಟ್ರು ಹೇಳಿದ ಪ್ರಕಾರ ಆಗ ಅಮೆರಿಕದಲ್ಲಿ ಮೇಲಿನ ದರ್ಜೆಯಲ್ಲಿ ಆಡುತ್ತಿದ್ದ ಕಾಲೇಜುಗಳು 340ಕ್ಕೂ ಹೆಚ್ಚು. ಪುರುಷರ ತಂಡಕ್ಕೆ ಆಗ 13 ವಿದ್ಯಾರ್ಥಿವೇತನ. 340 x 13 = 4,420 ಆಟಗಾರರು. ಎನ್.ಬಿ.ಎ. ಆಯ್ಕೆಯಲ್ಲಿ 2011ರಲ್ಲಿ ಕರೆದ ಹೆಸರು 60. ಅದರಲ್ಲಿ ಬೇರೆ ದೇಶದವರೂ ಇದ್ದರು. ಹಾಗಾದರೆ ಉಳಿದವರೆಲ್ಲ ಆಟ ಬಿಟ್ಟು ಮನೆಯಲ್ಲಿ ಕೂರಬೇಕಾ? ಅಂಥವರಲ್ಲಿ ಅನೇಕರು ಗ್ರೀಸ್, ಚೀನಾ, ಟರ್ಕಿ, ಸ್ಪೇನ್ ಅಂತ ಹೋಗಿ ಆಡಿ ಹೊಟ್ಟೆ ಹೊರೆಯುತ್ತಾರೆ. ಭಾಷೆ ಬರುವುದಿಲ್ಲ, ಊಟ ಹಿಡಿಸುವುದಿಲ್ಲ, ಹೆಂಡತಿ ಮಕ್ಕಳು ದೂರ. ಆದರೂ ಆಡುತ್ತಾರೆ. ಅದು ಸುಲಭ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಶಾಂಘೈ ತಂಡ ಅಂದೆನಲ್ಲ, 7 ಅಡಿ 6 ಅಂಗುಲದ ಯಾವೊ ಮಿಂಗ್ ಮೊದಲು ಆಡುತ್ತಿದ್ದದ್ದು ಅದೇ ತಂಡದಲ್ಲಿ. ಅವರು 2002ರಲ್ಲಿ ಶಾಂಘೈ ಬಿಟ್ಟು ಅಮೆರಿಕಕ್ಕೆ ಹೋದರು. ಆಗ ಎಲ್ಲರೂ ಚಪ್ಪಾಳೆ ತಟ್ಟಿದರು. ಜಿಮ್ಮರ್ ಅಮೆರಿಕ ಬಿಟ್ಟು ಶಾಂಘೈಗೆ ಬಂದರೆ ಓಡಿ ಬಂದ ಅಂತೀವಿ. ಇಬ್ಬರೂ ಹೋಗಿದ್ದು ಒಂದೇ ದಾರಿಯಲ್ಲಿ, ಇಬ್ಬರೂ ಹೋಗಿದ್ದು ಆಡೋದಕ್ಕೇ. ದೊಡ್ಡ ಊರಿಗೆ ಹೋದರೆ ಗೆಲುವು, ಬೇರೆ ಊರಿಗೆ ಹೋದರೆ ಸೋಲು ಅನ್ನೋದು ಯಾವ ನ್ಯಾಯ?

ನನಗೆ ಸಿಟ್ಟು ಬಂದದ್ದು ಯಾಕೆ ಅಂತ ಈಗ ಹೇಳುತ್ತೇನೆ. ನಮ್ಮಣ್ಣ ಇದೇ ಶಾಲೆಯಲ್ಲಿ ಓದಿದವನು. ವಾಲಿಬಾಲಿನಲ್ಲಿ ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದವರೆಗೂ ಹೋಗಿದ್ದ. ಆಮೇಲೆ ಒಂದು ಕ್ರೀಡಾ ಹಾಸ್ಟೆಲಿಗೆ ಸೇರಿದ. ಎರಡು ವರ್ಷ ಆದ ಮೇಲೆ, ಎತ್ತರ ಸಾಲದು ಅಂತ ವಾಪಸ್ ಕಳಿಸಿದರು. ಟ್ರಂಕು ಹೊತ್ತುಕೊಂಡು ಬಸ್ಸಿಳಿದ ದಿನ ಅರಳಿ ಕಟ್ಟೆಯ ಮೇಲೆ ಕೂತಿದ್ದವರು, "ಏನ್ಲಾ, ಇಂಡಿಯಾ ಟೀಮ್ ಸೇರ್ಲಿಲ್ವಾ?" ಅಂತ ಕೇಳಿದರು. ಅಣ್ಣ ಏನೂ ಮಾತಾಡಲಿಲ್ಲ. ಆವತ್ತು ರಾತ್ರಿ ಊಟಾನೂ ಮಾಡಲಿಲ್ಲ.

ಈಗ ಅವನು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಸಂಜೆ ಅಲ್ಲಿನ ತಂಡದ ಜೊತೆ ಆಡುತ್ತಾನೆ. ಜಾತ್ರೆ ಸಮಯದಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗೆ ಊರೂರಿಗೆ ಹೋಗುತ್ತಾನೆ. ಹೋದ ವರ್ಷ ಬಂದ ಬಹುಮಾನದಲ್ಲಿ ನನಗೆ ಶೂ ತಂದುಕೊಟ್ಟ. ಆದರೂ ನಮ್ಮೂರಲ್ಲಿ ಅವನ ಹೆಸರು "ಆಟ ಆಡಿ ಕೆಟ್ಟೋನು" ಅಂತಲೇ. ಈ ಸಲ ಹೋಬಳಿ ಮಟ್ಟದ ಆಟಕ್ಕೆ ನನ್ನ ಹೆಸರು ಬಂದಿದೆ. ಅಮ್ಮ ಕಳಿಸೋಲ್ಲ ಅಂತಿದ್ದಾರೆ. "ನಿಮ್ಮಣ್ಣಂದು ನೋಡಿದ್ದು ಸಾಲ್ದಾ?" ಅಂತಾರೆ.

ಅಮ್ಮನದು ತಪ್ಪು ಅಂತ ನಾನು ಹೇಳುವುದಿಲ್ಲ. ಜನ ಆಡಿಕೊಂಡಿದ್ದನ್ನು ಅವರು ಕೇಳಿಸಿಕೊಂಡಿದ್ದಾರೆ. ಆದ್ದರಿಂದ ಆಡಿಕೊಳ್ಳುವ ನಾವೇ ಮೊದಲು ಬದಲಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ನಾವು ನಕ್ಕ ಒಂದು ಮಾತಿನಿಂದ ಇನ್ನೊಂದು ಮನೆಯ ಹುಡುಗಿ ಆಟ ಬಿಡಬೇಕಾಗುತ್ತದೆ.

ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿನಂತಿ. ಆಫೀಸ್ ರೂಮಿನ ಗೋಡೆಯ ಮೇಲೆ ಕಪ್ ಗೆದ್ದವರ ಹೆಸರು ಮಾತ್ರ ಇದೆ. ತಾಲ್ಲೂಕು, ಜಿಲ್ಲೆಗೆ ಹೋಗಿ ಆಡಿ ಬಂದವರ ಹೆಸರನ್ನೂ ಬರೆಸಿ ಸಾರ್. ಬಣ್ಣ ಜಾಸ್ತಿ ಏನೂ ಬೇಕಾಗುವುದಿಲ್ಲ, ಹದಿನೈದು ಇಪ್ಪತ್ತು ಹೆಸರು ಇರಬಹುದು ಅಷ್ಟೇ.

ಕೊನೆಯದಾಗಿ, ನಮ್ಮಮ್ಮನಿಗೆ ಓದಲು ಬರುವುದಿಲ್ಲ. ಮುಂದಿನ ಗುರುವಾರ ಪೋಷಕರ ಸಭೆಗೆ ಬರುತ್ತಾರೆ. ಆಗ ಯಾರಾದರೂ ಗೆಳತಿಯರು ಇದನ್ನು ಅವರಿಗೆ ಓದಿ ಹೇಳಿ. ನಾನೇ ಓದಿದರೆ ಅಳು ಬರುತ್ತದೆ.

ತಪ್ಪಿದ್ದರೆ ಕ್ಷಮಿಸಿ.

ಇಂತಿ,
7ನೇ ತರಗತಿಯ ವಿದ್ಯಾರ್ಥಿನಿ